ನಳದ ನೀರಿಗೆ ಯಾವುದು, ಬೋರಿನ ನೀರಿಗೆ ಯಾವುದು: ಕೊಪ್ಪಳ, ರಾಯಚೂರು, ಬಳ್ಳಾರಿ ಭಾಗದ ಮನೆಗಳಿಗೆ ಶುದ್ಧೀಕರಣದ ಹೋಲಿಕೆ

ಒಂದೇ ಓಣಿಯಲ್ಲಿ ಎರಡು ಮನೆ. ಒಂದು ಮನೆಯ ನಳಕ್ಕೆ ತುಂಗಭದ್ರಾ ಕಾಲುವೆಯಿಂದ ತುಂಬಿಸಿದ ಕೆರೆಯ ನೀರು ಬರುತ್ತದೆ. ಇನ್ನೊಂದು ಮನೆಗೆ ಹಿತ್ತಲ ಬೋರೇ ಗತಿ. ಇಬ್ಬರೂ ಒಂದೇ ಅಂಗಡಿಗೆ ಹೋಗಿ ಒಂದೇ ಮಾದರಿಯ ಆರ್‌ಒ (ನೀರನ್ನು ಒತ್ತಡದಿಂದ ಪೊರೆಯ ಮೂಲಕ ಹಾಯಿಸಿ ಉಪ್ಪು ತೆಗೆಯುವ ಯಂತ್ರ) ತಂದು ಅಡುಗೆಮನೆ ಗೋಡೆಗೆ ಹಚ್ಚುತ್ತಾರೆ. ಗಂಗಾವತಿ, ಸಿಂಧನೂರು, ಸಿರುಗುಪ್ಪದ ಕಡೆ ಇದು ಎಲ್ಲೆಡೆ ಕಾಣುವ ಮಾತು. ಮೊದಲ ಮನೆಗೆ ಆ ಯಂತ್ರ ಬೇಕೇ ಇರಲಿಲ್ಲ, ಯಾಕೆಂದರೆ ಕಾಲುವೆ ನೀರಿನ ರೋಗ ಕೆಸರು ಮತ್ತು ರೋಗಾಣು, ಉಪ್ಪಲ್ಲ. ಎರಡನೆಯ ಮನೆಗೆ ಬೇಕಿತ್ತು. ಆದರೆ ಕೂಡಿಸಿದ ಹುಡುಗ ಒಳಗಿನ ಸಣ್ಣ ತಿರುಪನ್ನು ತಿರುವಿ, ಶುದ್ಧ ನೀರಿಗೆ ಬೋರಿನ ನೀರನ್ನೇ ಒಂದಿಷ್ಟು ಬೆರೆಸಿ ಹೋಗಿರುತ್ತಾನೆ.

ಇಲ್ಲಿಯ ನೀರು ಎರಡು ಜಾತಿ. ಕಾಲುವೆ ಮತ್ತು ಹೊಳೆಯ ನೀರಿನ ಮದ್ದು ಬೇರೆ, ಬೋರಿನ ನೀರಿನ ಮದ್ದು ಬೇರೆ. ಒಂದರ ಮದ್ದು ಇನ್ನೊಂದಕ್ಕೆ ಹಾಕಿದರೆ ಹಣ ಹೋಗುವುದಷ್ಟೇ ಅಲ್ಲ, ನೀರು ಶುದ್ಧವಾಗಿದೆ ಎಂದು ನಂಬಿ ಕುಡಿಯುತ್ತಾ ಹೋಗುತ್ತೇವೆ. ಅದು ಹೆಚ್ಚು ಅಪಾಯ.

ಮೊದಲು ನಿಮ್ಮ ನೀರನ್ನು ಗುರುತಿಸಿ

ಅಂಗಡಿಗೆ ಹೋಗುವ ಮೊದಲು ಮನೆಯಲ್ಲೇ ಮಾಡಿ ನೋಡುವ ಕೆಲವು ಪರೀಕ್ಷೆಗಳಿವೆ. ರಾತ್ರಿ ಗಾಜಿನ ಲೋಟದಲ್ಲಿ ನೀರು ಹಿಡಿದು ಮುಚ್ಚಿಡಿ. ಬೆಳಗ್ಗೆ ತಳದಲ್ಲಿ ಬೂದು ಅಥವಾ ಕಂದು ಗಸಿ ಕಂಡರೆ ಅದು ಕೆಸರು. ಹಿಡಿದಾಗ ತಿಳಿಯಾಗಿದ್ದ ನೀರು ಗಾಳಿ ತಾಗಿದ ಮೇಲೆ ಕೆಂಪಾದರೆ ಅದು ಕರಗಿದ ಕಬ್ಬಿಣ. ತೊಳೆದು ಒರೆಸಿದ ಸ್ಟೀಲ್ ತಾಟಿನ ಮೇಲೆ ನಾಲ್ಕು ಹನಿ ಹಾಕಿ ಬಿಸಿಲಿಗಿಡಿ. ಒಣಗಿದ ಮೇಲೆ ಬಿಳಿ ಉಂಗುರ ದಪ್ಪಗೆ ಉಳಿದರೆ ಲವಣ ಜಾಸ್ತಿ. ಸೋಪು ನೊರೆ ಕೊಡದೆ ಮೊಸರೊಡೆದಂತೆ ಬಿಳಿ ಚೂರಾದರೆ, ತೊಗರಿಬೇಳೆ ಎಷ್ಟು ಕುದಿಸಿದರೂ ಕಾಳಾಗಿಯೇ ಉಳಿದರೆ ಗಡಸು ನೀರು. ಅದರಲ್ಲಿನ ಕ್ಯಾಲ್ಸಿಯಂ ಬೇಳೆಯೊಳಗಿನ ಪೆಕ್ಟಿನ್ ಜೊತೆ ಕೂಡಿ ಅದನ್ನು ಬಿಗಿ ಮಾಡುತ್ತದೆ, ಬೇಳೆಯ ತಪ್ಪೇನಿಲ್ಲ.

ಈ ಯಾವ ಪರೀಕ್ಷೆಯೂ ಫ್ಲೋರೈಡನ್ನು ತೋರಿಸುವುದಿಲ್ಲ, ನೈಟ್ರೇಟನ್ನು ತೋರಿಸುವುದಿಲ್ಲ. ಎರಡಕ್ಕೂ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿದ ಒಟ್ಟು ಲವಣ ಹೇಳುವ ಮೀಟರೂ ತೋರಿಸುವುದಿಲ್ಲ. ಆ ಪೆನ್ನಿನಂಥ ಮೀಟರು ನೀರಿನಲ್ಲಿ ವಿದ್ಯುತ್ ಎಷ್ಟು ಸರಾಗ ಹರಿಯುತ್ತದೆ ಎಂದು ಅಳೆದು, ಅದರಿಂದ ಒಟ್ಟು ಲವಣದ ಅಂದಾಜು ಹೇಳುತ್ತದೆ, ಅಷ್ಟೆ. 400 ಟಿಡಿಎಸ್ ಇರುವ ನೀರಿನಲ್ಲಿ 3 ಮಿ.ಗ್ರಾಂ ಫ್ಲೋರೈಡ್ ಇರಬಹುದು, 900 ಇರುವ ನೀರಿನಲ್ಲಿ ಅರ್ಧ ಮಿ.ಗ್ರಾಂ ಇರಬಹುದು. ಕಾಲರಾ ರೋಗಾಣು ತುಂಬಿದ ನೀರಿನ ಟಿಡಿಎಸ್ ಕೂಡ 150 ಇರಬಹುದು. ಅಂಗಡಿಯವನು ಮೀಟರ್ ಅದ್ದಿ ತೋರಿಸಿದ ಒಂದೇ ಅಂಕಿ ನೋಡಿ ಯಂತ್ರ ಕೊಳ್ಳಬೇಡಿ.

ಹಾಗಾಗಿ ಬೋರಿನ ನೀರನ್ನು ಒಮ್ಮೆಯಾದರೂ ಪ್ರಯೋಗಾಲಯಕ್ಕೆ ಕೊಡಲೇಬೇಕು. ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯಗಳು ಜಿಲ್ಲಾ ಮಟ್ಟದಲ್ಲಿವೆ. ಗ್ರಾಮ ಪಂಚಾಯಿತಿಯಲ್ಲಿ ಸ್ಥಳದಲ್ಲೇ ಪರೀಕ್ಷಿಸುವ ಕಿಟ್ ಇದ್ದರೆ ಫ್ಲೋರೈಡ್, ನೈಟ್ರೇಟ್, ಗಡಸುತನದ ಅಂದಾಜು ಅಲ್ಲೇ ಸಿಗುತ್ತದೆ. ನೀರು ಹಿಡಿಯುವುದಕ್ಕೂ ಕ್ರಮವಿದೆ. ಮೋಟರ್ ಹಾಕಿ ಹತ್ತು ನಿಮಿಷ ಬಿಟ್ಟು, ಪೈಪಿನಲ್ಲಿ ನಿಂತಿದ್ದ ನೀರು ಹೋದ ಮೇಲೆ ಹಿಡಿಯಬೇಕು. ಒಂದು ಲೀಟರಿನ ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ಗಲಬರಿಸಿ ತುಂಬಬೇಕು. ಸೋಪು ಹಚ್ಚಬಾರದು. ರೋಗಾಣು ಪರೀಕ್ಷೆಗೆ ಮಾತ್ರ ಪ್ರಯೋಗಾಲಯದವರೇ ಕೊಡುವ ಶುದ್ಧ ಬಾಟಲಿ ಬೇಕು. ಅದನ್ನು ಐಸಿನಲ್ಲಿಟ್ಟು ಆ ದಿನವೇ ಮುಟ್ಟಿಸಬೇಕು. ಬೋರಿನ ಪರೀಕ್ಷೆ ಎರಡು ಸಲ ಮಾಡಿಸುವುದು ಒಳ್ಳೆಯದು: ಮಳೆಗಾಲ ಮುಗಿದ ಮೇಲೆ ಒಮ್ಮೆ, ಮೇ ತಿಂಗಳಲ್ಲಿ ಒಮ್ಮೆ. ನೀರಿನ ಮಟ್ಟ ಇಳಿದಾಗ ಅಂಕಿಗಳು ಬದಲಾಗುತ್ತವೆ.

ವರದಿ ಕೈಗೆ ಬಂದಾಗ ಹೋಲಿಸಿ ನೋಡಲು ಭಾರತೀಯ ಮಾನಕ ಐಎಸ್ 10500ರ ಅಂಕಿಗಳು ಬೇಕು. ಲೀಟರಿಗೆ ಟಿಡಿಎಸ್ 500 ಮಿ.ಗ್ರಾಂ ಒಳಗಿದ್ದರೆ ಉತ್ತಮ, ಬೇರೆ ಮೂಲ ಇಲ್ಲದಿದ್ದರೆ 2000ದವರೆಗೆ ಸಹಿಸಬಹುದು. ಗಡಸುತನ 200, ಮೇಲಿನ ಮಿತಿ 600. ಫ್ಲೋರೈಡ್ 1.0, ಮೇಲಿನ ಮಿತಿ 1.5. ನೈಟ್ರೇಟ್ 45, ಇದಕ್ಕೆ ವಿನಾಯಿತಿ ಇಲ್ಲ. ನೀರಿಗೆ ಮಲ ಬೆರೆತದ್ದನ್ನು ತೋರಿಸುವ ಬ್ಯಾಕ್ಟೀರಿಯಾ ಇ.ಕೋಲಿ 100 ಮಿಲಿ ನೀರಿನಲ್ಲಿ ಒಂದೂ ಇರಬಾರದು.

ನಮ್ಮ ಬಿಸಿಲಿನ ನಾಡಿನಲ್ಲಿ ಫ್ಲೋರೈಡಿನ 1.5ನ್ನು ಗುರಿ ಮಾಡಿಕೊಳ್ಳಬೇಡಿ, 1.0ರ ಕೆಳಗೇ ಇಡಿ. ಏಪ್ರಿಲ್-ಮೇನಲ್ಲಿ ಹೊಲದಲ್ಲಿ ದುಡಿಯುವ ಮನುಷ್ಯ ನಾಲ್ಕೈದು ಲೀಟರ್ ಕುಡಿಯುತ್ತಾನೆ. ಅದೇ ನೀರಿನಿಂದ ಎರಡು ಲೀಟರ್ ಕುಡಿಯುವವನಿಗಿಂತ ದುಪ್ಪಟ್ಟು ಫ್ಲೋರೈಡ್ ಅವನ ಮೈಗೆ ಸೇರುತ್ತದೆ. ಹುಟ್ಟಿನಿಂದ ಏಳೆಂಟು ವರ್ಷದವರೆಗೆ, ಕಾಯಂ ಹಲ್ಲು ಒಳಗೆ ರೂಪುಗೊಳ್ಳುವ ಕಾಲದಲ್ಲಿ ಇಂಥ ನೀರು ಕುಡಿದ ಮಕ್ಕಳ ಹಲ್ಲಿನ ಕಂದು ಕಲೆ ಮತ್ತೆ ಹೋಗುವುದಿಲ್ಲ.

ಕಾಲುವೆ ನೀರು: ಮೊದಲು ಕೆಸರು, ಆಮೇಲೆ ರೋಗಾಣು

ಜುಲೈ-ಆಗಸ್ಟಿನಲ್ಲಿ ಹೊಳೆಗೆ ಹೊಸ ನೀರು ಬಂದಾಗ ನಳದಲ್ಲಿ ಚಹಾದ ಬಣ್ಣ. ಬೇಸಿಗೆಯಲ್ಲಿ ಕಾಲುವೆ ನಿಂತು ಕೆರೆ ತಳ ಕಂಡಾಗ ಪಾಚಿಯ ವಾಸನೆ. ಎರಡೂ ಕಾಲದಲ್ಲಿ ಟಿಡಿಎಸ್ ಕಡಿಮೆಯೇ ಇರುತ್ತದೆ. ಇಂಥ ನೀರಿಗೆ ಆರ್‌ಒ ಹಚ್ಚಿದರೆ ಮೊದಲು ಕೆಸರು ಹಿಡಿಯುವ ಸ್ಪನ್ ಫಿಲ್ಟರ್ ವಾರದಲ್ಲಿ ಮಣ್ಣಿನ ಮುದ್ದೆಯಾಗುತ್ತದೆ. ಒಂದು ಕೊಡ ಒಳ್ಳೆಯ ನೀರಿಗೆ ಎರಡು-ಮೂರು ಕೊಡ ಚರಂಡಿಗೆ ಹೋಗುತ್ತದೆ. ಟಿಡಿಎಸ್ 500ಕ್ಕಿಂತ ಕಡಿಮೆ ಇರುವ ಕಡೆ ಆರ್‌ಒ ಬೇಡವೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ಹೇಳಿದ್ದೂ ಇದೇ ಕಾರಣಕ್ಕೆ.

ಕೆಸರಿಗೆ ಹಳೆಯ ಪಟಿಕವೇ ಇವತ್ತಿಗೂ ಎಲ್ಲಕ್ಕಿಂತ ಅಗ್ಗದ ಮತ್ತು ಗಟ್ಟಿ ಮದ್ದು. ತಪ್ಪಾಗುವುದು ಅಳತೆಯಲ್ಲಿ. ಗಟ್ಟಿಯನ್ನು ಕೊಡದಲ್ಲಿ ಅಂದಾಜಿಗೆ ನಾಲ್ಕು ಸುತ್ತು ತಿರುವಿದರೆ ಒಂದು ದಿನ ಕಡಿಮೆ, ಇನ್ನೊಂದು ದಿನ ಹೆಚ್ಚು. ಕಡಿಮೆಯಾದರೆ ಕೆಸರು ಕೂರುವುದಿಲ್ಲ. ಹೆಚ್ಚಾದರೆ ನೀರು ಒಗರಾಗುತ್ತದೆ, ಅಲ್ಯುಮಿನಿಯಂ ನೀರಿನಲ್ಲೇ ಉಳಿಯುತ್ತದೆ. ಅಳತೆ ಕಂಡುಕೊಳ್ಳುವುದು ಅರ್ಧ ತಾಸಿನ ಕೆಲಸ. 10 ಗ್ರಾಂ ಪಟಿಕದ ಪುಡಿಯನ್ನು ಒಂದು ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ. ಈ ದ್ರಾವಣದ ಒಂದು ಮಿಲಿಯಲ್ಲಿ 10 ಮಿ.ಗ್ರಾಂ ಪಟಿಕ ಇರುತ್ತದೆ. ನಾಲ್ಕು ಒಂದು-ಲೀಟರ್ ಬಾಟಲಿಗಳಲ್ಲಿ ಕೆಸರು ನೀರು ತುಂಬಿ, ಸೂಜಿ ತೆಗೆದ ಸಿರಿಂಜಿನಿಂದ ಒಂದಕ್ಕೆ 2, ಇನ್ನೊಂದಕ್ಕೆ 4, ಮತ್ತೊಂದಕ್ಕೆ 6, ಕೊನೆಯದಕ್ಕೆ 8 ಮಿಲಿ ಹಾಕಿ. ಒಂದು ನಿಮಿಷ ಜೋರಾಗಿ ಅಲುಗಾಡಿಸಿ, ಐದು ನಿಮಿಷ ಮೆಲ್ಲಗೆ ತಿರುವಿ ಇಟ್ಟುಬಿಡಿ. ಹತ್ತು ನಿಮಿಷಕ್ಕೆ ಹತ್ತಿಯ ಎಳೆಗಳಂಥ ಗೊಂಚಲು ಕಾಣುತ್ತದೆ, ಮೆಲ್ಲಗೆ ತಳಕ್ಕೆ ಇಳಿಯುತ್ತದೆ. ಎಲ್ಲಕ್ಕಿಂತ ಕಡಿಮೆ ಅಳತೆಯಲ್ಲಿ ತಿಳಿಯಾದ ಬಾಟಲಿ ಯಾವುದೋ ಅದೇ ಆ ವಾರದ ಲೆಕ್ಕ. 4 ಮಿಲಿಯ ಬಾಟಲಿ ತಿಳಿಯಾಗಿದ್ದರೆ 200 ಲೀಟರಿನ ಡ್ರಮ್ಮಿಗೆ 800 ಮಿಲಿ ದ್ರಾವಣ, ಅಂದರೆ 8 ಗ್ರಾಂ ಪಟಿಕ. ರಾತ್ರಿ ಹಾಕಿ ಕೋಲಿನಿಂದ ತಿರುವಿ ಬಿಟ್ಟರೆ ಬೆಳಗ್ಗೆ ಮೇಲಿನ ನೀರು ತೆಗೆಯಬಹುದು. ತಳದ ನಾಲ್ಕು ಬೆರಳು ನೀರು ಮುಟ್ಟಬಾರದು. ನಳವನ್ನು ಡ್ರಮ್ಮಿನ ತಳಕ್ಕೆ ಕೂಡಿಸುವ ಬದಲು ಅಷ್ಟು ಎತ್ತರಕ್ಕೆ ಕೂಡಿಸಿದರೆ ಗಸಿ ಕದಡುವ ತೊಂದರೆಯೇ ಇಲ್ಲ.

ಪಟಿಕ ಹಾಕಿ ತಿಳಿಯಾದ ನೀರು ಶುದ್ಧವಾಗಲಿಲ್ಲ. ರೋಗಾಣು ಕಡಿಮೆಯಾಗಿರುತ್ತವೆ, ಸತ್ತಿರುವುದಿಲ್ಲ. ಇಲ್ಲಿಂದ ಮುಂದೆ ಆರಿಸಿಕೊಳ್ಳಲು ನಾಲ್ಕು ದಾರಿಗಳಿವೆ.

ಬ್ಲೀಚಿಂಗ್ ಪುಡಿ ಬೇರೆ ಯಾವುದೂ ಮಾಡದ ಒಂದು ಕೆಲಸ ಮಾಡುತ್ತದೆ: ನೀರನ್ನು ತುಂಬಿಟ್ಟ ಮೇಲೂ ಕಾಯುತ್ತದೆ. ವಾರಕ್ಕೊಮ್ಮೆ, ಎಂಟು ದಿನಕ್ಕೊಮ್ಮೆ ನಳ ಬಿಡುವ ಊರುಗಳಲ್ಲಿ ಸಂಪು, ಸಿಂಟೆಕ್ಸಿನಲ್ಲಿ ನೀರು ದಿನಗಟ್ಟಲೆ ನಿಲ್ಲುತ್ತದೆ. ಅಲ್ಲಿ ಈ ಗುಣಕ್ಕೆ ಬೆಲೆ ಜಾಸ್ತಿ. ಒಳ್ಳೆಯ ಪುಡಿಯಲ್ಲಿ ನೂರಕ್ಕೆ 25ರಷ್ಟಾದರೂ ಕ್ಲೋರಿನ್ ಇರುತ್ತದೆ. ಆ ಲೆಕ್ಕದಲ್ಲಿ 1000 ಲೀಟರಿಗೆ 8ರಿಂದ 10 ಗ್ರಾಂ ಸಾಕು. ಪುಡಿಯನ್ನು ನೇರ ಟ್ಯಾಂಕಿಗೆ ಸುರಿಯಬಾರದು. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕಲಸಿ, ಕಾಲು ತಾಸು ಬಿಟ್ಟು, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನು ಮಾತ್ರ ಟ್ಯಾಂಕಿಗೆ ಹಾಕಿ. ಅರ್ಧ ತಾಸಿನ ನಂತರ ಕುಡಿಯಬಹುದು. ಆಗ ನೀರಿಗೆ ಸಣ್ಣಗೆ ಕ್ಲೋರಿನ್ ವಾಸನೆ ಇರಬೇಕು, ಪರೀಕ್ಷೆಯ ಕಿಟ್ಟಿನಲ್ಲಿ ಲೀಟರಿಗೆ 0.2 ಮಿ.ಗ್ರಾಂ ಆದರೂ ತೋರಬೇಕು. ವಾಸನೆಯೇ ಇಲ್ಲವೆಂದರೆ ಎರಡರಲ್ಲಿ ಒಂದು: ನೀರಿನ ಕೆಸರು, ಪಾಚಿ ಕ್ಲೋರಿನನ್ನೆಲ್ಲ ತಿಂದಿದೆ, ಇಲ್ಲವೆ ಪುಡಿ ಸತ್ತಿದೆ. ಬಾಯಿ ತೆರೆದಿಟ್ಟ ಚೀಲದ ಪುಡಿ ನಮ್ಮ ಬೇಸಿಗೆಯಲ್ಲಿ ಕೆಲವೇ ವಾರಗಳಲ್ಲಿ ಬರಿಯ ಸುಣ್ಣವಾಗುತ್ತದೆ. ಸಣ್ಣ ಡಬ್ಬಿ ತಂದು, ಬಿಗಿಯಾಗಿ ಮುಚ್ಚಿ, ನೆರಳಿನಲ್ಲಿಡಿ.

ಕುದಿಸುವುದು ಎಲ್ಲ ರೋಗಾಣುಗಳಿಗೂ ಮದ್ದು. ನೀರು ಕುದಿ ಬಂದು ಗುಳ್ಳೆ ಏಳುತ್ತಾ ಒಂದು ನಿಮಿಷ ಇದ್ದರೆ ಸಾಕು, ಇಪ್ಪತ್ತು ನಿಮಿಷ ಗ್ಯಾಸ್ ಉರಿಸಬೇಕಿಲ್ಲ. ಆರಿದ ಮೇಲೆ ಲೋಟ ಅದ್ದಿದ ಕೈಯೇ ಮತ್ತೆ ಕೆಡಿಸುತ್ತದೆ. ನಳ ಇರುವ ಪಾತ್ರೆಯಲ್ಲಿ ತುಂಬಿಡಿ. ಮನೆಯಲ್ಲಿ ಕೂಸು ಇದ್ದರೆ, ವಾಂತಿ-ಭೇದಿ ಸುದ್ದಿ ಓಣಿಯಲ್ಲಿ ಬಂದರೆ, ಯಾವ ಯಂತ್ರವಿದ್ದರೂ ಆ ದಿನಗಳಲ್ಲಿ ಕುದಿಸಿಯೇ ಕೊಡಿ.

ಯುವಿ, ಅಂದರೆ ನೇರಳಾತೀತ ಬೆಳಕಿನಿಂದ ರೋಗಾಣು ಕೊಲ್ಲುವ ಯಂತ್ರ, ತಿಳಿ ನೀರಿಗೆ ಮಾತ್ರ. ಕೆಸರಿನ ಕಣದ ನೆರಳಿನಲ್ಲಿ ರೋಗಾಣು ಬದುಕಿ ಉಳಿಯುತ್ತದೆ. ದೀಪ ನೀಲಿಯಾಗಿ ಉರಿಯುತ್ತಿದ್ದರೂ ವರ್ಷದ ನಂತರ ಅದರ ಶಕ್ತಿ ಕುಗ್ಗಿರುತ್ತದೆ, ವರ್ಷಕ್ಕೊಮ್ಮೆ ಬದಲಿಸಬೇಕು. ದೀಪದ ಸುತ್ತಲಿನ ಗಾಜಿನ ಕೊಳವೆಗೆ ಬಿಳಿ ಪೊರೆ ಕಟ್ಟಿದರೆ ಬೆಳಕು ಹೊರಗೇ ಬರುವುದಿಲ್ಲ. ಕರೆಂಟು ಹೋದರೆ ಕೆಲಸವಿಲ್ಲ. ಯುಎಫ್, ಅಂದರೆ ಅತಿ ಸಣ್ಣ ತೂತುಗಳಲ್ಲಿ ನೀರು ಸೋಸುವ ಪೊರೆಗೆ ಕರೆಂಟು ಬೇಡ, ಕೆಸರನ್ನೂ ಬ್ಯಾಕ್ಟೀರಿಯಾವನ್ನೂ ಹಿಡಿಯುತ್ತದೆ, ವೈರಸ್ಸುಗಳನ್ನು ಪೂರ್ತಿ ಹಿಡಿಯುವ ಭರವಸೆ ಇಲ್ಲ. ವಾರಕ್ಕೊಮ್ಮೆ ಹಿಂದಿನಿಂದ ನೀರು ಹಾಯಿಸಿ ತೊಳೆಯುವ ಅಭ್ಯಾಸ ಇರುವ ಮನೆಗೆ ಅದು ಒಳ್ಳೆಯದು. ಹಳೆಯ ಕ್ಯಾಂಡಲ್ ಫಿಲ್ಟರ್ ಕೆಸರಿಗೆ ಸರಿ. ಅದೊಂದನ್ನೇ ನಂಬಿ ಕುಡಿಯುವ ನೀರು ಕೊಡಬೇಡಿ.

ಕಾಲುವೆ ನೀರಿನ ಮನೆಗೆ ನಮ್ಮ ಆಯ್ಕೆ: ಪಟಿಕದಲ್ಲಿ ತಿಳಿ ಮಾಡುವುದು, ಸಂಪಿಗೆ ಕ್ಲೋರಿನ್, ಅಡುಗೆಮನೆಯಲ್ಲಿ ಕಾರ್ಬನ್ ಫಿಲ್ಟರ್ ಇರುವ ಯುವಿ ಅಥವಾ ಯುಎಫ್. ಕಾರ್ಬನ್ ಪಾಚಿಯ ವಾಸನೆಯನ್ನೂ ಉಳಿದ ಕ್ಲೋರಿನನ್ನೂ ತೆಗೆಯುತ್ತದೆ.

ಇದರ ಜೊತೆ ಒಂದು ಕೆಟ್ಟ ರೂಢಿಯ ಮಾತು ಹೇಳಲೇಬೇಕು. ನಳಕ್ಕೆ ನೇರ ಮೋಟರ್ ಹಚ್ಚಿ ಎಳೆಯುವುದು. ಬೀದಿಯ ಪೈಪಿನಲ್ಲಿ ಒತ್ತಡ ಇಳಿದಾಗ ಮೋಟರ್ ಎಳೆದರೆ, ಸಡಿಲವಾದ ಜೋಡಣೆಯಿಂದ, ಬಿರುಕಿನಿಂದ ಪಕ್ಕದ ಚರಂಡಿಯ ನೀರು ಒಳಗೆ ಬರುತ್ತದೆ. ನಿಮ್ಮ ಮನೆಗಷ್ಟೇ ಅಲ್ಲ, ಓಣಿಗೆಲ್ಲ ಬರುತ್ತದೆ. ರಾಯಚೂರು ನಗರದಲ್ಲಿ 2022ರಲ್ಲಿ ಕಲುಷಿತ ನೀರಿನಿಂದ ಸಾವುಗಳಾದದ್ದನ್ನು ಈ ಭಾಗದ ಯಾರೂ ಮರೆಯುವಂತಿಲ್ಲ. ನೆಲಮಟ್ಟದ ಸಂಪಿಗೆ ನೀರು ತಾನಾಗಿ ಬೀಳಲಿ, ಅಲ್ಲಿಂದ ಮೇಲಕ್ಕೆ ಮೋಟರ್ ಎತ್ತಲಿ. ನಳ ಬಿಟ್ಟ ಮೊದಲ ಐದು ನಿಮಿಷದ ನೀರನ್ನು ಬಳಕೆಗೆ ಹಿಡಿದು, ಆಮೇಲಿನದನ್ನು ಕುಡಿಯಲು ಹಿಡಿಯಿರಿ.

ಬೋರಿನ ನೀರು: ಫ್ಲೋರೈಡ್ ಇದ್ದರೆ

ಕುಷ್ಟಗಿ, ಯಲಬುರ್ಗಾ, ಲಿಂಗಸುಗೂರು, ದೇವದುರ್ಗದ ಕಡೆ ನೆಲದಡಿ ಗ್ರಾನೈಟ್ ಮತ್ತು ನೈಸ್ ಬಂಡೆ. ಆ ಬಂಡೆಯ ಖನಿಜದಿಂದ ಫ್ಲೋರೈಡ್ ನೀರಿಗೆ ಇಳಿಯುತ್ತದೆ. ಆಳಕ್ಕೆ ಕೊರೆದಷ್ಟೂ ಒಳ್ಳೆಯ ನೀರು ಎಂಬ ನಂಬಿಕೆ ಇಲ್ಲಿ ಉಲ್ಟಾ ಆಗಬಹುದು, ಯಾಕೆಂದರೆ ಬಂಡೆಯಲ್ಲಿ ಹೆಚ್ಚು ಕಾಲ ನಿಂತ ನೀರಿಗೆ ಫ್ಲೋರೈಡ್ ಹೆಚ್ಚು ಸೇರಿರುತ್ತದೆ. ಹಟ್ಟಿಯ ಚಿನ್ನದ ಬಂಡೆಯ ಪಟ್ಟಿಯಲ್ಲಿರುವವರು ಫ್ಲೋರೈಡಿನ ಜೊತೆ ಆರ್ಸೆನಿಕ್ ಪರೀಕ್ಷೆಯನ್ನೂ ಕೇಳಿ ಮಾಡಿಸಿ. ಚಿನ್ನದ ಅದಿರಿನ ಜೊತೆ ಆರ್ಸೆನಿಕ್ ಇರುವ ಖನಿಜವೂ ಸಿಗುತ್ತದೆ.

ಫ್ಲೋರೈಡ್ ನೀರನ್ನು ಕುದಿಸಿದರೆ ಕೆಡುಕು ಹೆಚ್ಚುತ್ತದೆ. ನೀರು ಆವಿಯಾಗಿ ಹೋಗುತ್ತದೆ, ಫ್ಲೋರೈಡ್ ಪಾತ್ರೆಯಲ್ಲೇ ಉಳಿಯುತ್ತದೆ. ಯುವಿ, ಯುಎಫ್, ಕ್ಯಾಂಡಲ್, ಕ್ಲೋರಿನ್ ಯಾವುದೂ ಅದನ್ನು ಮುಟ್ಟುವುದಿಲ್ಲ. ಉಳಿಯುವುದು ಮೂರು: ಆಕ್ಟಿವೇಟೆಡ್ ಅಲ್ಯುಮಿನಾ, ಆರ್‌ಒ, ಮಳೆ ನೀರು. ನಲಗೊಂಡ ವಿಧಾನವೆಂದು ಹೆಸರಾದ ಪಟಿಕ-ಸುಣ್ಣದ ಕ್ರಮವೂ ಇದೆ. ಅದಕ್ಕೆ ಕೆಸರಿಗೆ ಹಾಕುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಪಟಿಕ ಬೇಕು, ನೀರಿನ ಕ್ಷಾರೀಯತೆ ನೋಡಿ ಅಳತೆ ಹಾಕಬೇಕು, ತಪ್ಪಿದರೆ ಅಲ್ಯುಮಿನಿಯಂ ಉಳಿಯುತ್ತದೆ. ಮನೆಯಲ್ಲಿ ದಿನವೂ ಮಾಡಲು ನಾವು ಅದನ್ನು ಹೇಳುವುದಿಲ್ಲ.

ಆಕ್ಟಿವೇಟೆಡ್ ಅಲ್ಯುಮಿನಾ ಎಂದರೆ ಬಿಳಿ ಕಾಳುಗಳು. ಎರಡು ಅಂತಸ್ತಿನ ಕ್ಯಾಂಡಲ್ ಫಿಲ್ಟರಿನಂಥ ಪಾತ್ರೆಯ ಮೇಲಿನ ಭಾಗದಲ್ಲಿ 3ರಿಂದ 5 ಕೆ.ಜಿ. ತುಂಬಿರುತ್ತದೆ. ನೀರು ಮೆಲ್ಲಗೆ ಅದರ ಮೂಲಕ ಇಳಿದು ಬರುತ್ತದೆ. ಕರೆಂಟು ಬೇಡ, ಒಂದು ಹನಿಯೂ ವ್ಯರ್ಥವಿಲ್ಲ, ರುಚಿ ಬದಲಾಗುವುದಿಲ್ಲ. ನಮ್ಮ ಕ್ಷಾರದ ನೀರಿನಲ್ಲಿ ಒಂದು ಕೆ.ಜಿ. ಕಾಳು ಸುಮಾರು 1ರಿಂದ 2 ಗ್ರಾಂ ಫ್ಲೋರೈಡ್ ಹಿಡಿಯುತ್ತದೆ ಎಂದು ಇಟ್ಟುಕೊಳ್ಳಿ. ನಿಮ್ಮ ನೀರಿನಲ್ಲಿ 3 ಮಿ.ಗ್ರಾಂ ಇದ್ದು ಅರ್ಧ ಮಿ.ಗ್ರಾಮಿಗೆ ಇಳಿಸಬೇಕೆಂದರೆ ಪ್ರತಿ ಲೀಟರಿನಿಂದ 2.5 ಮಿ.ಗ್ರಾಂ ತೆಗೆಯಬೇಕು. 3 ಕೆ.ಜಿ. ಕಾಳು ಒಟ್ಟು 4.5 ಗ್ರಾಂ ಹಿಡಿದರೆ 1800 ಲೀಟರ್ ಬರುತ್ತದೆ. ದಿನಕ್ಕೆ 15 ಲೀಟರ್ ಬಳಸಿದರೆ ನಾಲ್ಕು ತಿಂಗಳು. ಆಮೇಲೆ ಕಾಸ್ಟಿಕ್ ಮತ್ತು ಆಸಿಡ್ಡಿನಲ್ಲಿ ಅದನ್ನು ತೊಳೆದು ಮತ್ತೆ ಜೀವ ಕೊಡಬೇಕು. ಅದು ತಿಳಿದವರು ಮಾಡುವ ಕೆಲಸ, ಮನೆಯ ಬಚ್ಚಲಲ್ಲಿ ಮಾಡುವುದಲ್ಲ. ಈ ಫಿಲ್ಟರ್ ಸೋಲುವುದೇ ಇಲ್ಲಿ. ಕಾಳು ತುಂಬಿಹೋದದ್ದು ಕಣ್ಣಿಗೆ ಗೊತ್ತಾಗುವುದಿಲ್ಲ, ನೀರು ಮೊದಲಿನಂತೆಯೇ ತಿಳಿಯಾಗಿ ಇಳಿಯುತ್ತಿರುತ್ತದೆ. ತಿಂಗಳಿಗೊಮ್ಮೆ ಕಿಟ್ಟಿನಲ್ಲಿ ಪರೀಕ್ಷಿಸುವವರು, ಹತ್ತಿರದಲ್ಲಿ ಕಾಳು ಬದಲಿಸಿಕೊಡುವವರು ಇದ್ದರೆ ಮಾತ್ರ ಇದನ್ನು ಆರಿಸಿ. ಟಿಡಿಎಸ್ 500-700ರ ಆಸುಪಾಸಿದ್ದು, ಫ್ಲೋರೈಡ್ ಒಂದೇ ತೊಂದರೆಯಾದ ಮನೆಗೆ ಇದು ಆರ್‌ಒಗಿಂತ ಮೇಲು.

ಟಿಡಿಎಸ್ 1000 ದಾಟಿದ್ದರೆ, ನೈಟ್ರೇಟೂ ಇದ್ದರೆ, ಆರ್‌ಒ ಬಿಟ್ಟು ಬೇರೆ ದಾರಿ ಕಡಿಮೆ. ಭತ್ತದ ಗದ್ದೆಗಳ ನಡುವಿನ ಬೋರುಗಳಲ್ಲಿ, ತಿಪ್ಪೆ ಮತ್ತು ಶೌಚದ ಗುಂಡಿಯ ಸಮೀಪದ ಬೋರುಗಳಲ್ಲಿ ನೈಟ್ರೇಟ್ ಸಿಗುತ್ತದೆ. ಆರು ತಿಂಗಳ ಒಳಗಿನ ಕೂಸಿಗೆ ಬಾಟಲಿ ಹಾಲು ಕಲಸಲು ಅಂಥ ನೀರು ಬಳಸಿದರೆ ರಕ್ತಕ್ಕೆ ಆಮ್ಲಜನಕ ಒಯ್ಯುವ ಶಕ್ತಿ ಕುಂದಿ ಕೂಸು ನೀಲಿಗಟ್ಟಬಹುದು. ಇದನ್ನೂ ಕುದಿಸಿ ತೆಗೆಯಲಾಗದು.

ಆರ್‌ಒ ಕೂಡಿಸುವಾಗ ನೋಡಬೇಕಾದದ್ದು

ಮೊದಲನೆಯದು, ಆ ತಿರುಪು. ಅದಕ್ಕೆ ಟಿಡಿಎಸ್ ಕಂಟ್ರೋಲರ್ ಎನ್ನುತ್ತಾರೆ. ಬಿಳಿ ಪೈಪಿನ ನಡುವೆ ಕೂಡಿಸಿದ ಬೆರಳುದ್ದದ ಸಣ್ಣ ವಾಲ್ವು, ಚಿಕ್ಕ ಸ್ಕ್ರೂಡ್ರೈವರಿನಿಂದ ತಿರುಗುತ್ತದೆ. ನೀರು ಸಪ್ಪೆ ಎಂದು ಮನೆಯವರು ಹೇಳಿದ ಕೂಡಲೆ ಹುಡುಗರು ಅದನ್ನು ತೆರೆಯುತ್ತಾರೆ. ಅದು ಖನಿಜ ಸೇರಿಸುವ ಸಾಧನವಲ್ಲ. ಪೊರೆಯನ್ನು ದಾಟದ ಹಸಿ ನೀರನ್ನು ಬಳಸುದಾರಿಯಲ್ಲಿ ತಂದು ಬೆರೆಸುತ್ತದೆ. ಲೆಕ್ಕ ನೋಡಿ. ಬೋರಿನ ಟಿಡಿಎಸ್ 1500, ನೈಟ್ರೇಟ್ 150. ಪೊರೆ ದಾಟಿದ ನೀರಿನ ಟಿಡಿಎಸ್ 75, ನೈಟ್ರೇಟ್ 30. ರುಚಿಗೆಂದು ಟಿಡಿಎಸ್ 300ಕ್ಕೆ ಏರಿಸಿದರೆ ಸುಮಾರು ನೂರಕ್ಕೆ 16 ಭಾಗ ಹಸಿ ನೀರು ಬೆರೆತಿರುತ್ತದೆ. ಆಗ ಲೋಟದಲ್ಲಿನ ನೈಟ್ರೇಟ್ 49, ಮಿತಿ 45. ಸಾವಿರಾರು ರೂಪಾಯಿಯ ಯಂತ್ರದ ಕೆಲಸವನ್ನು ಒಂದು ತಿರುಪು ಹಾಳು ಮಾಡಿತು. ಫ್ಲೋರೈಡ್, ನೈಟ್ರೇಟ್ ಇರುವ ಮನೆಯಲ್ಲಿ ಆ ವಾಲ್ವನ್ನು ಪೂರ್ತಿ ಮುಚ್ಚಿಸಿ, ಇಲ್ಲವೆ ತೆಗೆಸಿಯೇ ಬಿಡಿ. ಸಪ್ಪೆಯಾದರೆ ಖನಿಜದ ಕಾರ್ಟ್ರಿಜ್ ಹಾಕಿಸಿಕೊಳ್ಳಬಹುದು.

ಎರಡನೆಯದು ಚರಂಡಿಗೆ ಹೋಗುವ ನೀರು. ವ್ಯರ್ಥ ಕಡಿಮೆ ಮಾಡಿಕೊಡುತ್ತೇವೆ ಎಂದು ಫ್ಲೋ ರೆಸ್ಟ್ರಿಕ್ಟರ್ (ಚರಂಡಿಗೆ ಹೋಗುವ ನೀರಿನ ಹರಿವನ್ನು ಮಿತಿಗೊಳಿಸುವ ಬಿಡಿಭಾಗ) ಬದಲಿಸಿದರೆ ಪೊರೆಯ ಬಳಿ ಲವಣ ಗಟ್ಟಿಯಾಗಿ ಸುಣ್ಣ ಕಟ್ಟುತ್ತದೆ. ಎರಡು ವರ್ಷ ಬರಬೇಕಾದ ಪೊರೆ ಆರು ತಿಂಗಳಿಗೆ ಕೆಡಬಹುದು. ಪರೀಕ್ಷೆ ಸುಲಭ. ಒಳ್ಳೆಯ ನೀರು ಒಂದು ಲೀಟರ್ ತುಂಬುವಷ್ಟರಲ್ಲಿ ಕೆಟ್ಟ ನೀರು ಎಷ್ಟು ಬಂತು ಎಂದು ಬಕೆಟ್ಟಿನಲ್ಲಿ ಹಿಡಿದು ಅಳೆಯಿರಿ. ಗಡಸು ಬೋರಿಗೆ ಎರಡೂವರೆಯಿಂದ ಮೂರು ಲೀಟರ್ ಬರಬೇಕು. ಆ ನೀರನ್ನು ನೆಲ ಒರೆಸಲು, ಪಾಯಖಾನೆಗೆ ಬಳಸಿ. ಗಿಡಕ್ಕೆ ಬೇಡ. 1500ರ ಬೋರಿನಿಂದ ಹೊರಬಂದದ್ದು 2100ರ ಸುತ್ತ ಇರುತ್ತದೆ, ಎರೆಮಣ್ಣಿನಲ್ಲಿ ಆ ಉಪ್ಪು ಕೂತು ಸವಳಾಗುತ್ತದೆ.

ಮೂರನೆಯದು ನಮ್ಮ ಬಿಸಿಲು. ಆರ್‌ಒ ಪೊರೆಯ ಮಿತಿ 45 ಡಿಗ್ರಿ. ಮೇ ತಿಂಗಳ ಮಧ್ಯಾಹ್ನ ಮಾಳಿಗೆಯ ಮೇಲಿನ ಕಪ್ಪು ಟ್ಯಾಂಕಿನ ನೀರು ಕೈಗೆ ಸುಡುವಂತಿರುತ್ತದೆ. ಬಿಸಿ ನೀರಿನಲ್ಲಿ ಪೊರೆಯ ಮೂಲಕ ನೀರು ಬೇಗ ಬರುತ್ತದೆ, ಅದರ ಜೊತೆ ಲವಣವೂ ಹೆಚ್ಚು ನುಸುಳುತ್ತದೆ. ಬೇಸಿಗೆಯಲ್ಲಿ ಟಿಡಿಎಸ್ ಏರಿತೆಂದು ಪೊರೆ ಬದಲಿಸುವ ಮೊದಲು ನಸುಕಿನ ತಣ್ಣನೆ ನೀರಿನಲ್ಲಿ ಒಮ್ಮೆ ಅಳೆಯಿರಿ. ಯಂತ್ರವನ್ನು ಬೆಳಗಿನ ಜಾವ ಓಡಿಸಿ ದಿನದ ನೀರು ತುಂಬಿಟ್ಟುಕೊಳ್ಳಿ, ಟ್ಯಾಂಕಿಗೆ ತಟ್ಟು ಅಥವಾ ಹಸಿರು ಬಲೆಯ ನೆರಳು ಮಾಡಿ.

ಪೊರೆ ಬದಲಿಸುವ ಕಾಲ ತಿಳಿಯಲು ಒಳಗಿನ ಮತ್ತು ಹೊರಗಿನ ಟಿಡಿಎಸ್ ಎರಡನ್ನೂ ಅಳೆಯಬೇಕು. ಇಲ್ಲಿ ಮಾತ್ರ ಆ ಮೀಟರು ನಿಜವಾಗಿ ಕೆಲಸಕ್ಕೆ ಬರುತ್ತದೆ. 1500 ಒಳಹೋಗಿ 75ರಿಂದ 150 ಹೊರಬಂದರೆ ಪೊರೆ ಚೆನ್ನಾಗಿದೆ. 300 ದಾಟಿದರೆ ಬದಲಿಸಿ. ಗುತ್ತಿಗೆಯವರು ವರ್ಷಕ್ಕೊಮ್ಮೆ ಎಂದರೆಂದು ಬದಲಿಸಬೇಕಿಲ್ಲ, ಮೂರು ವರ್ಷ ಬಂತೆಂದು ಬಿಡಬೇಕಾಗಿಯೂ ಇಲ್ಲ. ಕ್ಲೋರಿನ್ ಈ ಪೊರೆಯನ್ನು ತಿನ್ನುತ್ತದೆ. ಹಾಗಾಗಿ ಅದರ ಮುಂದಿನ ಕಾರ್ಬನ್ ಫಿಲ್ಟರನ್ನು ಮಾತ್ರ ಹೇಳಿದ ಕಾಲಕ್ಕೆ ಬದಲಿಸಲೇಬೇಕು. ಒಳಗಿನ ಪ್ಲಾಸ್ಟಿಕ್ ಟ್ಯಾಂಕಿನ ಗೋಡೆಗೆ ಲೋಳೆ ಕಟ್ಟುತ್ತದೆ, ಮೂರು ತಿಂಗಳಿಗೊಮ್ಮೆ ತೊಳೆಯಿಸಿ. ಆರ್‌ಒ ನೀರು ತುಸು ಹುಳಿಗುಣದ್ದು, ತಾಮ್ರ-ಹಿತ್ತಾಳೆಯ ಬಿಂದಿಗೆಯಲ್ಲಿ ದಿನಗಟ್ಟಲೆ ಇಡದೆ ಸ್ಟೀಲಿನಲ್ಲಿಡಿ.

ಟಿಡಿಎಸ್ 2000 ದಾಟಿದರೆ ಸಾಮಾನ್ಯ ಮನೆ ಯಂತ್ರ ಏದುಸಿರು ಬಿಡುತ್ತದೆ, ಪಂಪಿನ ಒತ್ತಡದ ದೊಡ್ಡ ಪಾಲು ಉಪ್ಪನ್ನು ಎದುರಿಸುವುದಕ್ಕೇ ಹೋಗುತ್ತದೆ. ಅಂಥವರು ಕುಡಿಯಲು ಊರಿನ ಶುದ್ಧ ನೀರಿನ ಘಟಕದಿಂದ ತರುವುದೇ ಲೇಸು. ಆದರೆ ಆ ಘಟಕವೂ ದೊಡ್ಡ ಆರ್‌ಒ, ಅದರ ಪೊರೆಯೂ ಸವೆಯುತ್ತದೆ. ಅಲ್ಲಿಯ ನೀರನ್ನೂ ಎರಡು ತಿಂಗಳಿಗೊಮ್ಮೆ ಮೀಟರಿನಲ್ಲಿ, ವರ್ಷಕ್ಕೊಮ್ಮೆ ಫ್ಲೋರೈಡಿಗೆ ನೋಡಿಸಿ. ತರುವ ಕ್ಯಾನಿನ ಒಳಗೆ ಹಸಿರು ಕಂಡರೆ ನೀರಿನ ಶುದ್ಧಿ ಅಲ್ಲಿಗೇ ಮುಗಿಯಿತು.

ಯಾವ ದಾರಿ ಹಿಡಿದರೂ ಒಂದು ಮಾತು ಮರೆಯಬೇಡಿ: ಅಡುಗೆಗೂ ಅದೇ ನೀರು. ಕುಡಿಯಲು ಫಿಲ್ಟರ್ ನೀರು, ಅನ್ನ, ಸಾರು, ಅಂಬಲಿ, ಚಹಾಕ್ಕೆ ಬೋರಿನ ನೀರು ಎಂಬ ಮನೆಗಳೇ ಹೆಚ್ಚು. ಅಕ್ಕಿ ಹೀರಿದ ನೀರಿನ ಫ್ಲೋರೈಡ್ ಅನ್ನದಲ್ಲೇ ಇರುತ್ತದೆ. ನಾಲ್ಕೈದು ಜನರ ಮನೆಗೆ ಕುಡಿಯಲು, ಅಡುಗೆಗೆ ಸೇರಿ ದಿನಕ್ಕೆ 20 ಲೀಟರ್ ಲೆಕ್ಕ ಹಿಡಿಯಿರಿ. ಬೇಳೆಯೂ ಬೇಗ ಬೇಯುತ್ತದೆ, ಅಡುಗೆ ಸೋಡಾ ಹಾಕುವುದು ತಪ್ಪುತ್ತದೆ.

ಗಡಸುತನ ಮತ್ತು ಕೆಂಪು ನೀರು

ಗೀಜರಿನ ಕಾಯಿಲಿಗೆ ಸುಣ್ಣ ಕಟ್ಟುವುದು, ತಲೆಗೂದಲು ಜಡ್ಡಾಗುವುದು, ನಳದ ಜಾಲರಿ ಮುಚ್ಚುವುದು ಗಡಸುತನದ ಕೆಲಸ. ಅದಕ್ಕೆ ಸಾಫ್ಟ್‌ನರ್ ಇದೆ. ಆದರೆ ಇಡೀ ಮನೆಗೆ ಹಚ್ಚುವ ಮೊದಲು ಲೆಕ್ಕ ಮಾಡಿ. 25 ಲೀಟರ್ ರೆಸಿನ್ (ಗಡಸುತನ ಹಿಡಿಯುವ ಕಾಳು) ಇರುವ ಸಾಫ್ಟ್‌ನರ್ ಒಂದು ಸುತ್ತಿನಲ್ಲಿ ಸುಮಾರು 1250 ಗ್ರಾಂ ಗಡಸುತನ ಹಿಡಿಯುತ್ತದೆ. ಲೀಟರಿಗೆ 800 ಮಿ.ಗ್ರಾಂ ಗಡಸಿನ ಬೋರಾದರೆ 1500 ಲೀಟರಿಗೆ ಅದರ ಶಕ್ತಿ ಮುಗಿಯಿತು. ದಿನಕ್ಕೆ 600 ಲೀಟರ್ ಬಳಸುವ ಮನೆಯವರು ಎರಡೂವರೆ ದಿನಕ್ಕೊಮ್ಮೆ ಮೂರ್ನಾಲ್ಕು ಕೆ.ಜಿ. ಉಪ್ಪು ಹಾಕಿ ತೊಳೆಯಬೇಕು. ಇದನ್ನು ಹೇಳದೆ ಮಾರುತ್ತಾರೆ, ಆರು ತಿಂಗಳಿಗೆ ಉಪ್ಪು ಹಾಕುವುದು ನಿಂತು ಅದು ಬರಿಯ ಪೀಪಾಯಿಯಾಗುತ್ತದೆ. ಸ್ನಾನದ ಮತ್ತು ಗೀಜರಿನ ಲೈನಿಗೆ ಮಾತ್ರ ಹಚ್ಚಿದರೆ ಕೆಲಸ ಕಾಲು ಭಾಗಕ್ಕೆ ಇಳಿಯುತ್ತದೆ.

ಸಾಫ್ಟ್‌ನರ್ ಟಿಡಿಎಸ್ ಇಳಿಸುವುದಿಲ್ಲ, ಕ್ಯಾಲ್ಸಿಯಂ ತೆಗೆದುಕೊಂಡು ಸೋಡಿಯಂ ಕೊಡುತ್ತದೆ. 800 ಮಿ.ಗ್ರಾಂ ಗಡಸು ನೀರಿಗೆ 370 ಮಿ.ಗ್ರಾಮಿನಷ್ಟು ಸೋಡಿಯಂ ಸೇರುತ್ತದೆ. ಬಿಪಿ ಇರುವವರಷ್ಟೇ ಅಲ್ಲ, ಯಾರೂ ಅದನ್ನು ನೇರ ಕುಡಿಯುವುದು ಬೇಡ. ಪೈಪಿಗೆ ಸುತ್ತುವ ಅಯಸ್ಕಾಂತ, ವಿದ್ಯುತ್ ಕಂಡೀಷನರುಗಳಿಂದ ನೀರಿನ ಗಡಸುತನದ ಅಂಕಿ ಇಳಿಯುವುದಿಲ್ಲ, ಅವಕ್ಕೆ ಹಣ ಹಾಕಬೇಡಿ. ಜಾಲರಿ, ಶವರಿಗೆ ಕಟ್ಟಿದ ಸುಣ್ಣಕ್ಕೆ ಒಂದು ಲೀಟರ್ ಬಿಸಿ ನೀರಿಗೆ 50 ಗ್ರಾಂ ನಿಂಬೆ ಉಪ್ಪು ಕರಗಿಸಿ ಒಂದು ತಾಸು ನೆನೆಸಿದರೆ ಸಾಕು.

ಸಂಡೂರು, ಬಳ್ಳಾರಿಯ ಕಡೆ ಕೆಂಪು ನೀರು ಕಂಡ ಕೂಡಲೆ ಕಬ್ಬಿಣ ತೆಗೆಯುವ ಫಿಲ್ಟರ್ ಮಾರುತ್ತಾರೆ. ಮಳೆಗೆ ಹರಿದು ಬಂದ ಅದಿರಿನ ಕೆಂಪು ಧೂಳು ಕರಗಿದ ಕಬ್ಬಿಣವಲ್ಲ, ಬರಿಯ ಮಣ್ಣು. ಪಟಿಕ ಮತ್ತು ಮರಳಿನ ಫಿಲ್ಟರಿಗೆ ಅದು ನಿಲ್ಲುತ್ತದೆ. ತಿಳಿಯಾಗಿ ಬಂದು ಆಮೇಲೆ ಕೆಂಪಾಗುವ, ಪೇರಲ ಎಲೆ ಜಜ್ಜಿ ಹಾಕಿದರೆ ನೀಲಿಗಪ್ಪಾಗುವ ನೀರಿನಲ್ಲಿ ಮಾತ್ರ ಕರಗಿದ ಕಬ್ಬಿಣ ಇದೆ. ಅದನ್ನು ಎತ್ತರದಿಂದ ತೂತಿನ ಪೈಪಿನ ಮೂಲಕ ಬೀಳಿಸಿ ಗಾಳಿ ತಾಗಿಸಿ, ರಾತ್ರಿ ಕೂರಿಸಿ, ಮರಳಿನಲ್ಲಿ ಸೋಸಿದರೆ ಬಹುಪಾಲು ಹೋಗುತ್ತದೆ.

ಮಳೆ ನೀರು

ಫ್ಲೋರೈಡ್ ಊರುಗಳಿಗೆ ನಾವು ಮನಸಾರೆ ಹೇಳುವ ದಾರಿ ಇದು. ಬರದ ನಾಡಿನಲ್ಲಿ ಮಳೆ ಎಲ್ಲಿ ಎನ್ನಬೇಡಿ. ವರ್ಷಕ್ಕೆ ಸುಮಾರು 600 ಮಿ.ಮೀ. ಬೀಳುವ ಕಡೆ 30 ಅಡಿ ಉದ್ದ, 20 ಅಡಿ ಅಗಲದ ಆರ್‌ಸಿಸಿ ಮಾಳಿಗೆಯಿಂದ 26 ಸಾವಿರ ಲೀಟರ್ ಹಿಡಿಯಬಹುದು. ದಿನಕ್ಕೆ 20 ಲೀಟರಿನಂತೆ ಇಡೀ ವರ್ಷದ ಕುಡಿಯುವ ಮತ್ತು ಅಡುಗೆಯ ನೀರು 7300 ಲೀಟರ್. ಅರ್ಧದಷ್ಟೇ ಮಳೆಯಾದ ವರ್ಷವೂ ಸಾಕಾಗುತ್ತದೆ. 8000 ಲೀಟರಿನ, ಬೆಳಕು ಹೋಗದ ಟ್ಯಾಂಕು ಬೇಕು. ಅದೇ ದೊಡ್ಡ ಖರ್ಚು, ಆಮೇಲೆ ಪೊರೆಯಿಲ್ಲ, ಕರೆಂಟಿಲ್ಲ, ವ್ಯರ್ಥ ನೀರಿಲ್ಲ.

ಹಳೆಯ ಮಣ್ಣಿನ ಮಾಳಿಗೆಯಿಂದ ಹಿಡಿಯಲಾಗದು, ಆರ್‌ಸಿಸಿ, ತಗಡು ಅಥವಾ ಹಂಚು ಇರಬೇಕು. ಮಾಳಿಗೆಯ ಮೇಲೆ ಮೆಣಸಿನಕಾಯಿ, ತೊಗರಿ ಒಣಗಿಸುವವರು ಮಳೆಗಾಲಕ್ಕೆ ಮುನ್ನ ಒಮ್ಮೆ ತೊಳೆದು ಬಿಡಬೇಕು. ಮೊದಲ ಮಳೆ ಪೂರ್ತಿ ಹೊರಗೆ ಹೋಗಲಿ. ಆಮೇಲೆ ಪ್ರತಿ ಮಳೆಯ ಮೊದಲ 1 ಮಿ.ಮೀ. ನೀರು, ಅಂದರೆ ಈ ಮಾಳಿಗೆಗೆ ಸುಮಾರು 55 ಲೀಟರ್, ಪಕ್ಕಕ್ಕೆ ಹೋಗುವಂತೆ ಕೆಳಗಿನಿಂದ ಮುಚ್ಚಳ ತೆರೆಯುವ ಪೈಪು ಕೂಡಿಸಿ. ಶಕ್ತಿನಗರ, ಕುಡಿತಿನಿಯ ವಿದ್ಯುತ್ ಸ್ಥಾವರಗಳ, ತೋರಣಗಲ್ಲು, ಗಿಣಿಗೇರಿಯ ಕಾರ್ಖಾನೆಗಳ ಸಮೀಪ ಇರುವವರು ಅದರ ದುಪ್ಪಟ್ಟು ಬಿಡಬೇಕು, ಬೂದಿ ಮತ್ತು ಕರಿ ಧೂಳು ದಪ್ಪಗೆ ಕೂತಿರುತ್ತದೆ. ಅಂಥ ಕಡೆ ಹಿಡಿದ ನೀರನ್ನು ಒಮ್ಮೆ ಪ್ರಯೋಗಾಲಯಕ್ಕೂ ತೋರಿಸಿ. ಟ್ಯಾಂಕಿನ ಬಾಯಿಗೆ, ಗಾಳಿ ಪೈಪಿಗೆ, ತುಂಬಿ ಹರಿಯುವ ಪೈಪಿಗೆ ಸೊಳ್ಳೆ ಜಾಲರಿ ಕಟ್ಟಿ. ಕೊಡ ಅದ್ದದೆ ಕೈಪಂಪಿನಿಂದ ಅಥವಾ ನಳದಿಂದ ತೆಗೆಯಿರಿ, ಕುಡಿಯುವಷ್ಟನ್ನು ಕುದಿಸಿ, ಇಲ್ಲವೆ ಕ್ಲೋರಿನ್ ಹಾಕಿ. ಟ್ಯಾಂಕು ಖಾಲಿಯಾಗುವ ಮೇ ಕೊನೆಯಲ್ಲಿ ಒಳಗಿಳಿದು ಗಸಿ ತೆಗೆದು, 1000 ಲೀಟರಿಗೆ 200 ಗ್ರಾಂ ಬ್ಲೀಚಿಂಗ್ ಪುಡಿಯ ನೀರಿನಿಂದ ಗೋಡೆ ಉಜ್ಜಿ, ಒಂದು ರಾತ್ರಿ ಬಿಟ್ಟು ಹೊರಚೆಲ್ಲಿ ತೊಳೆಯಬೇಕು. ಒಳಗಿಳಿಯುವ ಮೊದಲು ಮುಚ್ಚಳವನ್ನು ತಾಸುಗಟ್ಟಲೆ ತೆರೆದು ಗಾಳಿ ಆಡಿಸಿ. ಉಜ್ಜುವಾಗ ಮೂಗಿಗೆ ಬಟ್ಟೆ ಕಟ್ಟಿಕೊಂಡಿರಲಿ, ಮೇಲೆ ಇನ್ನೊಬ್ಬರು ನಿಂತಿರಲಿ.